ಚಿಕ್ಕ ಟ್ಯಾಂಕಿನ ಪೆಟ್ರೋಲು

ಭಾನುವಾರ ಬೆಳಿಗ್ಗೆ 6.50. ವರ್ತುಲ ರಸ್ತೆಯ ಮೇಲ್ಸೇತುವೆ ಇಳಿಯುವಲ್ಲಿ ಕಪ್ಪು ಕಾರೊಂದು ದೀಪದ ಕಂಬಕ್ಕೆ ಬಡಿದು ಮುಂಭಾಗ ಹೊತ್ತಿಕೊಂಡಿತು. ಒಳಗಿದ್ದವನು ಒಬ್ಬನೇ. ಮೂವತ್ತನಾಲ್ಕು ವರ್ಷದ ಆ ವಿಮಾ ಸರ್ವೇಯರ್ 8.15ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ.

9.40ಕ್ಕೆ ಅವನ ಹೆಂಡತಿ ಠಾಣೆಗೆ ಬಂದಳು. ದೂರನ್ನು ಆಸ್ಪತ್ರೆಯ ಬೆಂಚಿನ ಮೇಲೇ ಬರೆದು ತಂದಿದ್ದಳು. ಅದರಲ್ಲಿ ಇದ್ದದ್ದು ಒಬ್ಬನೇ ಆರೋಪಿ: ಕಾರಿಗೆ ವೇಗ ಹೆಚ್ಚಿಸುವ ನೈಟ್ರಸ್ ಸಿಲಿಂಡರ್ ಕೂರಿಸಿದ ಗ್ಯಾರೇಜಿನ ಮೇಸ್ತ್ರಿ. ಶುಕ್ರವಾರ ಕಾರನ್ನು ಕೊನೆಯದಾಗಿ ಮುಟ್ಟಿದವನು ಅವನೇ ಎಂದು ಬರೆದಿದ್ದಳು. ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ 10.20ಕ್ಕೆ ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚರು ಕಾರಿನ ಸುತ್ತ ನಿಂತಿದ್ದರು. ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ಹಿಡಿಯುವಷ್ಟು ತೂತು. ಅಲ್ಲಿಂದ ಚೆಲ್ಲಿದ ಆಯಿಲ್ ಮುಂದಿನ ಚಕ್ರಗಳಿಗೂ ಕಾದ ಹೊಗೆಕೊಳವೆಗೂ ಬಿದ್ದಿತ್ತು. ಕಾರಿನ ಹಿಂದಿನ ಡಿಕ್ಕಿಗೆ ಬೆಂಕಿ ತಗುಲಿರಲಿಲ್ಲ. ಅಲ್ಲಿ ನೀಲಿ ಸಿಲಿಂಡರ್, ಅದರ ಪಕ್ಕದಲ್ಲಿ ನಾಲ್ಕು ಲೀಟರಿನ ಕಪ್ಪು ಬಣ್ಣದ ಲೋಹದ ಟ್ಯಾಂಕು. ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಯಲ್ಲಿ ಹೀಗೆ ಬರೆದ: ಚಿಕ್ಕ ಟ್ಯಾಂಕಿನ ಕತ್ತಿನ ಮೇಲೆ, ಎದುರುಬದುರಾಗಿ, ಬಣ್ಣ ಕಿತ್ತು ಹೊಳೆಯುವ ಹಲ್ಲಿನಂಥ ಗೀರು, ಎರಡು. ಟ್ಯಾಂಕಿನ ತಳದಲ್ಲಿ ಉಳಿದಿದ್ದ ಪೆಟ್ರೋಲನ್ನು ಬಾಟಲಿಗೆ ಇಳಿಸಿ ಮೊಹರು ಮಾಡಿದರು.

ಮೇಸ್ತ್ರಿ ಐವತ್ತು ದಾಟಿದ ಆಸಾಮಿ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆಂದು ಊರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಅವನನ್ನು ಠಾಣೆಗೆ ಕರೆಸಿ ವಿಚಾರಿಸಿದರು, ಸೋಮವಾರ ಬೆಳಿಗ್ಗೆ 11.30ಕ್ಕೆ ಬಂಧಿಸಿದರು. ಮಂಗಳವಾರ ಹನ್ನೊಂದಕ್ಕೆ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಅಷ್ಟರೊಳಗೆ ಬೇರೇನೂ ಸಿಗದಿದ್ದರೆ ಅವನು ಜೈಲಿಗೆ, ಮೂವತ್ತು ವರ್ಷದ ಗ್ಯಾರೇಜಿಗೆ ಬೀಗ.

ಚಿಕ್ಕ ಟ್ಯಾಂಕಿನ ಲೆಕ್ಕವನ್ನು ಅವನೇ ಬಿಡಿಸಿ ಹೇಳಿದ. ಗುಂಡಿ ಒತ್ತಿದರೆ ನೈಟ್ರಸ್ ಅನಿಲ ಎಂಜಿನ್ನಿಗೆ ನುಗ್ಗುತ್ತದೆ, ಜೊತೆಗೆ ಹೆಚ್ಚಿನ ಪೆಟ್ರೋಲೂ ಬೇಕು. ದೊಡ್ಡ ಟ್ಯಾಂಕಿನ ಬಂಕಿನ ಪೆಟ್ರೋಲು ದಿನದ ಓಡಾಟಕ್ಕೆ ಸಾಕು, ಆ ಒತ್ತಡಕ್ಕೆ ಸಾಲದು. ಕಿಡಿ ಬೀಳುವ ಮೊದಲೇ ತಾನಾಗಿ ಸಿಡಿಯುತ್ತದೆ. ಹಾಗೆ ಸಿಡಿಯದೆ ತಡೆದುಕೊಳ್ಳುವ ಶಕ್ತಿಗೇ ಆಕ್ಟೇನ್ ಎನ್ನುವುದು. ಆದ್ದರಿಂದ ನೈಟ್ರಸ್ ಪಾಲಿನ ಪೆಟ್ರೋಲು ಬೇರೆ ಟ್ಯಾಂಕಿನಿಂದ, ಬೇರೆ ಪಂಪಿನಿಂದ ಬರುತ್ತದೆ. ಅದರಲ್ಲಿ ತಾನು ತುಂಬಿದ್ದು ರೇಸಿನ ಪೆಟ್ರೋಲು, ಹೆಚ್ಚು ಆಕ್ಟೇನಿನದು, ತಿಳಿನೀಲಿ ಬಣ್ಣದ್ದು.

"ಸಾಧಾರಣ ಪೆಟ್ರೋಲ್ ಹಾಕಿದ್ರೆ?"

"ಗುಂಡಿ ಒತ್ತೋವರೆಗೂ ಏನೂ ಆಗಲ್ಲ ಸಾರ್. ಒತ್ತಿದ ಮೇಲೆ ಕರಕರ ಅನ್ನುತ್ತೆ. ನಿಧಾನಕ್ಕೆ ಹೋಗೋ ಕಾರಾದ್ರೆ ಕಾಲು ತೆಗೆಯೋಕೆ ಪುರುಸೊತ್ತು ಸಿಗುತ್ತೆ. ಇದ್ರಲ್ಲಿ ಕಿವಿಗೆ ಬೀಳೋ ಹೊತ್ತಿಗೆ ಪಿಸ್ಟನ್ ಕರಗಿರುತ್ತೆ."

"ನೀನೇ ಬೆರಕೆ ಹಾಕಿಲ್ಲ ಅಂತ ಹೇಗೆ ನಂಬೋದು?"

"ಸಾರ್, ಆ ಕಾರಿನ ಗಾಜಿನ ಮೇಲೆ ನನ್ನ ಗ್ಯಾರೇಜಿನ ಹೆಸರಿದೆ. ನನ್ನ ಬೋರ್ಡಿಗೆ ನಾನೇ ಮಸಿ ಬಳೀತೀನಾ?"

ಸೋಮವಾರ 12.30ಕ್ಕೆ ಪ್ರಯೋಗಾಲಯದಿಂದ ಫೋನ್ ಬಂತು. ಬಾಟಲಿಯಲ್ಲಿದ್ದದ್ದು ಬಣ್ಣವಿಲ್ಲದ ಸಾಧಾರಣ ಪೆಟ್ರೋಲು. ಮೇಸ್ತ್ರಿಯ ಡ್ರಮ್ಮಿನಿಂದ ತಂದ ಮಾದರಿ ಅವನು ಹೇಳಿದಂತೆಯೇ ತಿಳಿನೀಲಿ. ಆದರೂ ಅದು ಅವನನ್ನು ಬಿಡಿಸಲು ಸಾಲುತ್ತಿರಲಿಲ್ಲ. ಡ್ರಮ್ಮಿನಲ್ಲಿ ಒಂದಿಟ್ಟು ಟ್ಯಾಂಕಿಗೆ ಇನ್ನೊಂದು ಸುರಿಯಬಹುದು.

ಇನ್‌ಸ್ಪೆಕ್ಟರ್ ಪಂಚನಾಮೆಯನ್ನು ಮತ್ತೆ ಓದಿದರು. ಗೀರಿನ ಫೋಟೊವನ್ನು ಮೇಸ್ತ್ರಿಯ ಮುಂದಿಟ್ಟರು. ಅವನು ಕನ್ನಡಕವನ್ನು ಹಣೆಗೇರಿಸಿ ನೋಡಿದ.

"ಇದು ನಮ್ಮ ಕೆಲಸ ಅಲ್ಲ ಸಾರ್. ಅರ್ಥಿಂಗ್ ಕ್ಲಿಪ್ ಕಚ್ಚಿರೋ ಗುರುತು. ಸುರಿಯುವಾಗ ಕಿಡಿ ಹಾರಬಾರದು ಅಂತ ಕ್ಯಾನಿಗೂ ಟ್ಯಾಂಕಿಗೂ ತಂತಿ ಹಾಕ್ತಾರೆ. ನಾವು ಪ್ಲಾಸ್ಟಿಕ್ ಕ್ಯಾನ್ ಎತ್ತಿ ಸುರಿಯೋರು. ಇಷ್ಟು ಶಾಸ್ತ್ರ ಮಾಡೋದು ತೈಲ ಡಿಪೋದವರು ಮಾತ್ರ."

"ನಮ್ಮಪ್ಪ ಸೀಮೆಎಣ್ಣೆ ಸ್ಟವ್‌ಗೇ ಬೀಡಿ ಹಚ್ಕೊಳ್ತಿದ್ರು" ಎಂದ ಹೆಡ್ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರ್ ಫೋಟೊವನ್ನು ಕಡತಕ್ಕೆ ಸೇರಿಸಿದರು.

ಮೂರು ಗಂಟೆಗೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ಮೃತನ ಮನೆಗೆ ಹೋದರು. ಮನೆಯ ಪಕ್ಕಕ್ಕೆ ತಗಡಿನ ಶೆಡ್ಡು, ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಎಣ್ಣೆಕಲೆ. ಶನಿವಾರ ಯಾರು ಬಂದಿದ್ದರೆಂದು ಕೇಳಿದ್ದಕ್ಕೆ ಹೆಂಡತಿ, ತನ್ನ ತಂದೆಯ ಹೊರತು ಯಾರೂ ಇಲ್ಲ ಎಂದಳು. ನಾಲ್ಕಕ್ಕೆ ಬಂದಿದ್ದರು. ತಾಯಿ ಹೋದ ಮೇಲೆ ಅವರೊಬ್ಬರೇ ಇರುವುದು. ಐದು ವರ್ಷದ ಮೊಮ್ಮಗಳನ್ನು ಎರಡು ದಿನ ಇಟ್ಟುಕೊಳ್ಳುತ್ತೇನೆಂದು ಕರೆದುಕೊಂಡು ಹೋದರು, ಸುದ್ದಿ ತಿಳಿದು ಭಾನುವಾರವೇ ತಂದು ಬಿಟ್ಟರು. ಶನಿವಾರ ತಾನು ಮಗುವಿನ ಬಟ್ಟೆ ಜೋಡಿಸುವ ತನಕ ಶೆಡ್ಡಿನಲ್ಲಿ ಕಾಯುತ್ತಿದ್ದರು. ಗಂಡ ಆಗ ಬೈಕಿನಲ್ಲಿ ಕೆಲಸಕ್ಕೆ ಹೋಗಿದ್ದ, ಕಾರು ಶೆಡ್ಡಿನಲ್ಲೇ ಇತ್ತು.

"ಯಾವಾಗ್ಲೂ ಹೀಗೆ ಕರ್ಕೊಂಡು ಹೋಗ್ತಾರಾ?"

"ಇಲ್ಲ. ಭಾನುವಾರ ಅವಳು ಅವರಪ್ಪನ ಜೊತೆ ಕಾರಲ್ಲಿ ಹೋಗೋದು. ತಪ್ಪಿಸಿದ್ದೇ ಇಲ್ಲ."

"ನಿಮ್ಮ ತಂದೆ ಏನು ಮಾಡ್ತಾರೆ?"

ಅವಳು ಉತ್ತರ ಹೇಳತೊಡಗಿ, ನಡುವೆಯೇ ನಿಲ್ಲಿಸಿದಳು. ಅವಳ ಬಲಗೈ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತು. ಆಮೇಲೆ, ತೈಲ ಡಿಪೋದಲ್ಲಿ ಟ್ಯಾಂಕರ್ ಇಳಿಸುವ ಮೇಲ್ವಿಚಾರಕರು, ಎಂದಳು.

4.50ಕ್ಕೆ ಡಿಪೋ. ಗೇಟಿನಲ್ಲಿ ಫೋನು, ಬೆಂಕಿಪೆಟ್ಟಿಗೆ ಕೊಟ್ಟು ಒಳಗೆ ಹೋಗಬೇಕು. ಟ್ಯಾಂಕರೊಂದು ಬಂದು ನಿಂತಿತ್ತು. ಹಳದಿ ಹೆಲ್ಮೆಟ್ಟಿನ ಹಿರಿಯರೊಬ್ಬರು ಕೊಳವೆಗೆ ಕೈ ಹಾಕುವ ಮೊದಲು ತಂತಿ ಎಳೆದು ಕ್ಲಿಪ್ ಕಚ್ಚಿಸಿದರು, ಎರಡು ಸಲ ಅಲುಗಿಸಿ ನೋಡಿದರು. ಪೊಲೀಸರನ್ನು ಕಂಡರೂ ಅವರು ಕೆಲಸ ಬಿಟ್ಟು ಬರಲಿಲ್ಲ. ಟ್ಯಾಂಕರ್ ಖಾಲಿಯಾಗುವ ತನಕ, ಇಪ್ಪತ್ತೆರಡು ನಿಮಿಷ, ಇನ್‌ಸ್ಪೆಕ್ಟರ್ ಕಾದರು.

ಪ್ರಶ್ನೋತ್ತರ ನಡೆದದ್ದು ಮೇಲ್ವಿಚಾರಕರ ಕೋಣೆಯಲ್ಲಿ. ಗೀರಿನ ಫೋಟೊ ನೋಡಿ ಅವರು ಅಲ್ಲಗಳೆಯಲಿಲ್ಲ. ನೀಲಿ ಪೆಟ್ರೋಲನ್ನು ತೆಗೆದು ಸಾಧಾರಣದ್ದನ್ನು ತುಂಬಿದ್ದು ತಾವೇ ಎಂದರು. ಕ್ಲಿಪ್ ಹಾಕಿದ್ದು ನೆನಪೂ ಇಲ್ಲ. ಮೂವತ್ತೊಂದು ವರ್ಷದ ಕೈ, ತಾನೇ ಹಾಕಿರಬೇಕು.

"ಎಂಜಿನ್ ಹಾಳಾಗಲಿ ಅಂತ ಮಾಡಿದೆ. ಸದ್ದು ಬರುತ್ತೆ, ಅವನು ನಿಲ್ಲಿಸ್ತಾನೆ, ಕಾರು ಮೂಲೆ ಸೇರುತ್ತೆ ಅಂದ್ಕೊಂಡೆ. ಸಾಯಲಿ ಅಂತ ಅಲ್ಲ."

"ಮಗೂನ ಯಾಕೆ ಕರ್ಕೊಂಡು ಹೋದ್ರಿ?"

ಹೊರಗೆ ಪಂಪೊಂದು ಓಡುತ್ತಿತ್ತು. ಅವರು ಎದ್ದು ಹೋಗಿ ಕಿಟಕಿ ಮುಚ್ಚಿದರು.

"ಸದ್ದು ಬಂದು ಕಾರು ನಿಲ್ಲೋದೇ ಆಗಿದ್ರೆ ಮಗು ಒಳಗಿದ್ರೂ ಏನೂ ಆಗ್ತಿರಲಿಲ್ಲ ಅಲ್ವಾ?"

ಹಿರಿಯರು ಹೆಲ್ಮೆಟ್ ತೆಗೆದು ಮೊಳೆಗೆ ನೇತುಹಾಕಿದರು. "ಬರ್ಕೊಳ್ಳಿ" ಎಂದರು.

5.55ಕ್ಕೆ ಬಂಧನ. ಎಫ್‌ಐಆರ್‌ನಲ್ಲಿ ಅಜಾಗರೂಕತೆಯ ಕಲಮಿನ ಜಾಗಕ್ಕೆ ಕೊಲೆಯ ಕಲಮು ಬಂತು.

ಅವರ ಹೇಳಿಕೆ ಒಂದೂವರೆ ಪುಟ. ಮೂರು ತಿಂಗಳ ಹಿಂದೆ ಅಳಿಯ ತನ್ನ ಫೋನಿನಲ್ಲಿ ವಿಡಿಯೊ ತೋರಿಸಿದ್ದ. ಹಿಂದಿನ ಸೀಟಿನಲ್ಲಿ ಮೊಮ್ಮಗಳು "ಹುಲಿ ಗುಂಡಿ ಒತ್ತಪ್ಪಾ" ಅನ್ನುತ್ತಾಳೆ, ಅವನು ಒತ್ತುತ್ತಾನೆ, ಮುಳ್ಳು ನೂರೆಂಬತ್ತು ದಾಟುತ್ತದೆ. ಅವಳ ಬೆನ್ನ ಹಿಂದೆಯೇ ಸಿಲಿಂಡರು, ನಾಲ್ಕು ಲೀಟರ್ ಪೆಟ್ರೋಲು. ಅದಕ್ಕೆ ಸಾಧಾರಣ ಪೆಟ್ರೋಲು ನಡೆಯುವುದಿಲ್ಲ ಎಂದೂ ಅವನೇ ಹೇಳಿದ್ದ. ಎರಡು ಸಲ ಬುದ್ಧಿ ಹೇಳಿದರು. ಮಾವ, ನೀವು ಪೆಟ್ರೋಲ್ ಕಾಯ್ದೂ ಕಾಯ್ದೂ ಪುಕ್ಕಲರಾಗಿದ್ದೀರಿ ಎಂದು ಅವನು ನಕ್ಕ. ಮಗಳಿಗೆ ಹೇಳಿದರು. ವಾರಕ್ಕೆ ಒಂದು ದಿನ ತಾನೆ ಅಪ್ಪ, ಎಂದಳು ಅವಳು. ಅಲ್ಲಿಂದ ಮುಂದೆ ಅವರು ಯಾರಿಗೂ ಏನೂ ಹೇಳಲಿಲ್ಲ.

ಮಂಗಳವಾರ 10.30ಕ್ಕೆ ಕಿವಿ ಮೇಸ್ತ್ರಿ ಬಿಡುಗಡೆಯಾದ. 11.15ಕ್ಕೆ ದೂರುದಾರಳು ಎರಡನೆಯ ಹೇಳಿಕೆಗೆ ಸಹಿ ಹಾಕಲು ಬಂದಳು. ಮಗುವನ್ನೂ ಕರೆದುಕೊಂಡು ಬಂದಿದ್ದಳು. ಬಿಟ್ಟು ಬರಲು ಬೇರೆ ಮನೆ ಇರಲಿಲ್ಲ.