ಟೇಪು ಬಿತ್ತು

"ಅಮ್ಮ, ಟೇಪು ಎಲ್ಲಿ ಬಿತ್ತು? ನಿನ್ನ ಕುತ್ತಿಗೆಯಲ್ಲೇ ಇದೆಯಲ್ಲ!"

ಚೂಟಿಯ ಗಂಟಲು ಮೊದಲೇ ದೊಡ್ಡದು. ಬಟ್ಟೆ ಅಂಗಡಿಯ ಈ ಮೂಲೆಯಲ್ಲಿ ಆಡಿದ ಮಾತು ಆ ಮೂಲೆಯಲ್ಲಿ ಕುಳಿತಿದ್ದ ಮಾಲೀಕರ ಕಿವಿಗೆ ನೆಟ್ಟಗೆ ಹೋಗಿ ಮುಟ್ಟಿತು. ಕೌಂಟರಿನ ಹಿಂದೆ ನೆಲದ ಮೇಲೆ ಕಾಲು ಚಾಚಿದ್ದ ಅಮ್ಮ ದಡಬಡಿಸಿ ಎದ್ದು ನಿಂತಳು.

ಚೂಟಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಕೈಯಿಂದ ಏನು ಜಾರಿದರೂ ಅದು ನೆಲ ಮುಟ್ಟುವ ಮೊದಲೇ ಅವಳ ಕೈಯಲ್ಲಿರುತ್ತಿತ್ತು. ಅಜ್ಜಿ ಊರಿಗೆ ಹೋಗಿದ್ದರಿಂದ ಈಗ ಶಾಲೆ ಬಿಟ್ಟ ಮೇಲೆ ಅವಳು ಅಮ್ಮ ಕೆಲಸ ಮಾಡುವ ಅಂಗಡಿಗೆ ಬರುತ್ತಿದ್ದಳು. ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಾ ಕೂರುತ್ತಿದ್ದಳು.

ಅಲ್ಲಿ ಅವಳಿಗೆ ಒಂದು ವಿಚಿತ್ರ ಕಂಡಿತ್ತು. ಬಟ್ಟೆ ತೋರಿಸುವ ಅಕ್ಕಂದಿರ ಕೈಯಿಂದ ಅಳತೆಯ ಟೇಪು ಬೀಳುತ್ತಲೇ ಇರುತ್ತಿತ್ತು. "ಟೇಪು ಬಿತ್ತು" ಎನ್ನುವರು, ಕೌಂಟರಿನ ಹಿಂದೆ ಮಾಯವಾಗುವರು. ಎಷ್ಟು ಹುಡುಕಿದರೂ ಸಿಗದು! ಪಾಪ, ಇವರಿಗೆಲ್ಲ ಕನ್ನಡಕ ಬೇಕೇನೋ ಎಂದುಕೊಂಡು ಚೂಟಿ ಓಡಿ ಹೋಗಿ ಎತ್ತಿಕೊಡುತ್ತಿದ್ದಳು. ಯಾಕೋ ಒಬ್ಬರೂ ಥ್ಯಾಂಕ್ಸ್ ಹೇಳುತ್ತಿರಲಿಲ್ಲ.

ಮಾಲೀಕರು ಎದ್ದು ಬಂದರು. ಅಮ್ಮನ ಕುತ್ತಿಗೆಯ ಟೇಪನ್ನು ನೋಡಿದರು, ಕೌಂಟರಿನ ಹಿಂದೆ ಬಗ್ಗಿ ನೋಡಿದರು. ಅಲ್ಲಿ ಹಳೆಯ ಗೋಣಿಚೀಲವೊಂದನ್ನು ಮೆತ್ತಗೆ ಮಡಿಸಿ ಹಾಸಿದ್ದರು. ಅವರು ಬೈಯಲಿಲ್ಲ. ನಾಳೆಯಿಂದ ಎಲ್ಲ ಟೇಪುಗಳನ್ನೂ ದಾರದಲ್ಲಿ ಕೌಂಟರಿಗೇ ಕಟ್ಟಿಬಿಡಿ, ಬೀಳುವ ತಾಪತ್ರಯವೇ ಇರುವುದಿಲ್ಲ ಎಂದಷ್ಟೇ ಹೇಳಿ ಹೋದರು.

ಅಕ್ಕಂದಿರೆಲ್ಲ ಚೂಟಿಯ ಕಡೆ ನೋಡಿದರು. ತಾನು ಏನೋ ಎಡವಟ್ಟು ಮಾಡಿದೆ ಎಂದು ಅವಳಿಗೆ ಗೊತ್ತಾಯಿತು. ಏನು ಎಂದು ಮಾತ್ರ ಗೊತ್ತಾಗಲಿಲ್ಲ.

ಮನೆಗೆ ಬಂದವಳೇ ಅಮ್ಮ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟಳು. ಪಾದಗಳು ಬಾತುಕೊಂಡಿದ್ದವು. ಚಪ್ಪಲಿಯ ಪಟ್ಟಿ ಇದ್ದ ಕಡೆ ಕೆಂಪು ಗೆರೆ ಮೂಡಿತ್ತು.

"ಅಂಗಡೀಲಿ ಕೂರೋ ಹಾಗಿಲ್ಲ ಕಣೇ," ಎಂದಳು ಅಮ್ಮ. "ಗಿರಾಕಿ ಇರಲಿ ಬಿಡಲಿ, ನಿಂತೇ ಇರಬೇಕು. ಕಾಲು ನೋವು ತಡೆಯೋಕಾಗದೆ ಇದ್ದಾಗ ಟೇಪು ಬೀಳಿಸ್ತಿದ್ವಿ. ಇವತ್ತು ಅದನ್ನ ಬೀಳಿಸೋಕೂ ಮರೆತಿದ್ದೆ, ನೋಡು."

ಚೂಟಿಗೆ ಅಳು ಒತ್ತರಿಸಿಕೊಂಡು ಬಂತು. ಎಷ್ಟು ಸಲ ಓಡಿ ಹೋಗಿ ಟೇಪು ಎತ್ತಿಕೊಟ್ಟಿದ್ದಳು! ಅಷ್ಟೂ ಸಲ ಅಮ್ಮನನ್ನೋ ಅಕ್ಕಂದಿರನ್ನೋ ಎಬ್ಬಿಸಿ ನಿಲ್ಲಿಸಿದ್ದಳು.

"ಸಾರಿ ಅಮ್ಮ. ಈಗ ಏನ್ ಮಾಡ್ತೀರಾ?"

ಅಮ್ಮ ನೀರಿನಲ್ಲಿ ಬೆರಳು ಆಡಿಸಿದಳು. ನಿಂತು ಕೆಲಸ ಮಾಡುವವರಿಗೆ ನಡುನಡುವೆ ಕೂರಲು ಸೀಟು ಕೊಡಬೇಕೆಂದು ಕಾನೂನೇ ಇದೆ, ಅಂಗಡಿಯಲ್ಲಿ ಎಲ್ಲರಿಗೂ ಅದು ಗೊತ್ತು ಎಂದಳು.

"ಮತ್ತೆ ಕೇಳೋಕೇನು?"

"ಕೇಳಿದೋರನ್ನ ಮನೆಗೆ ಕಳಿಸಿಬಿಟ್ರೆ?"

ಚೂಟಿ ತುಂಬ ಯೋಚಿಸಿದಳು. "ಎಲ್ಲರೂ ಒಟ್ಟಿಗೆ ಕೇಳಿದ್ರೆ ಎಲ್ಲರನ್ನೂ ಕಳಿಸ್ತಾರಾ? ಆಮೇಲೆ ಬಟ್ಟೆ ಯಾರು ತೋರಿಸ್ತಾರೆ, ಅವರೇನಾ?"

ಅಮ್ಮನಿಗೆ ನಗು ಬಂತು. ದೊಡ್ಡ ಹೊಟ್ಟೆಯ ಮಾಲೀಕರು ಏಣಿ ಹತ್ತಿ ಬಟ್ಟೆ ಇಳಿಸುವುದನ್ನು ನೆನೆಸಿಕೊಂಡು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮರುದಿನ ಅಕ್ಕಂದಿರೆಲ್ಲ ಒಟ್ಟಾಗಿ ಮಾಲೀಕರ ಮುಂದೆ ನಿಂತರು. ಮಾತಾಡಿದ್ದು ಅಮ್ಮ. ಗಿರಾಕಿ ಬಂದರೆ ಎದ್ದು ನಿಲ್ಲುತ್ತೇವೆ, ಇಲ್ಲದಾಗ ಕೂರಲು ಸ್ಟೂಲು ಕೊಡಿ, ಅದು ಕಾನೂನಿನಲ್ಲೂ ಇದೆ ಎಂದಳು. ಚೂಟಿ ಮೂಲೆಯಲ್ಲಿ ಕೂತು ನೋಡುತ್ತಿದ್ದಳು.

ಮಾಲೀಕರು ಗಲ್ಲ ಕೆರೆದುಕೊಂಡರು. "ಕಾನೂನು ನನಗೂ ಗೊತ್ತಮ್ಮ," ಎಂದರು. "ಇಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ಸುಮ್ಮನಿದ್ದೆ."

ಮುಂದಿನ ವಾರ ಸ್ಟೂಲುಗಳು ಬಂದವು. ಟೇಪುಗಳಿಗೆ ಕಟ್ಟಿದ್ದ ದಾರವನ್ನೂ ಬಿಚ್ಚಿದರು. ಶಾಲೆ ಬಿಟ್ಟದ್ದೇ ತಡ, ಚೂಟಿ ನೋಡಲು ಓಡಿ ಬಂದಳು.

ಗಿರಾಕಿಗಳು ಇರಲಿಲ್ಲ. ಆದರೂ ಅಕ್ಕಂದಿರೆಲ್ಲ ನಿಂತೇ ಇದ್ದರು. ಸ್ಟೂಲುಗಳ ಪ್ಲಾಸ್ಟಿಕ್ ಕವರನ್ನು ಕೂಡ ಯಾರೂ ಬಿಚ್ಚಿರಲಿಲ್ಲ. ಎಲ್ಲರ ಕಣ್ಣೂ ಮಾಲೀಕರ ಕಡೆಗೇ ಇತ್ತು.

"ಟೇಪು ಬಿತ್ತು," ಎಂದಳು ಅಮ್ಮ ಮೆಲ್ಲಗೆ. ಸ್ಟೂಲು ಪಕ್ಕದಲ್ಲೇ ಇದ್ದರೂ ನೆಲದ ಕಡೆಗೆ ಬಗ್ಗಿದಳು.

ಚೂಟಿಗೆ ಅರ್ಥವಾಯಿತು. ಸ್ಟೂಲು ಬಂದಿದೆ, ಅಮ್ಮನ ಹೆದರಿಕೆ ಇನ್ನೂ ಹೋಗಿಲ್ಲ. ಅವಳು ಹತ್ತಿರ ಹೋಗಿ, ಪ್ಲಾಸ್ಟಿಕ್ ಕವರನ್ನು ಪರಪರ ಹರಿದು, ಸ್ಟೂಲನ್ನು ಅಮ್ಮನ ಹಿಂದಕ್ಕೆ ಎಳೆದಿಟ್ಟಳು.

"ಇಲ್ಲಿ ಕೂತ್ಕೊಂಡು ಹುಡುಕಮ್ಮ," ಎಂದಳು. ಈ ಸಲ ಅವಳ ದನಿ ಅಮ್ಮನಿಗೆ ಮಾತ್ರ ಕೇಳಿಸಿತು.

ಅಮ್ಮ ಮಾಲೀಕರ ಕಡೆ ನೋಡಿದಳು. ಮೊದಲು ಸ್ಟೂಲಿನ ತುದಿಯಲ್ಲಿ ಕುಳಿತಳು. ಆಮೇಲೆ ಹಿಂದಕ್ಕೆ ಸರಿದು ಸರಿಯಾಗಿ ಕುಳಿತಳು. ಮಾಲೀಕರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೊಬೈಲಿಗೆ ತಿರುಗಿದರು. ಅಂಗಡಿಯ ತುಂಬ ಒಂದೊಂದಾಗಿ ಸ್ಟೂಲು ಎಳೆಯುವ ಸದ್ದು ಕೇಳಿಸಿತು.

ಟೇಪು ನೆಲದ ಮೇಲೇ ಬಿದ್ದಿತ್ತು. ಚೂಟಿಯ ಕೈ ತುರಿಸುತ್ತಿತ್ತು. ಆದರೂ ಅವಳು ಅದನ್ನು ಎತ್ತಿಕೊಡಲಿಲ್ಲ.