ಕಟ್ ಅನ್ನದ ನಿರ್ದೇಶಕ

ನಾಲ್ಕು ಬಂದೂಕುಗಳು ನನ್ನ ಭಾವನ ಎದೆಗೆ ಗುರಿಯಿಟ್ಟಿದ್ದವು.

ನಾಲ್ಕೂ ಅಸಲಿ.

ಭಾವನ ಕೈಯಲ್ಲಿದ್ದದ್ದು ಮಾತ್ರ ಪ್ಲಾಸ್ಟಿಕ್ಕಿನದು. ಅದು ಪೊಲೀಸರಿಗೆ ಗೊತ್ತಿರಲಿಲ್ಲ!

ಹೊರದೇಶದಲ್ಲಿ ಸಿನಿಮಾ ತೆಗೆಯೋದು ಅಂದರೆ ಪಾಸ್‌ಪೋರ್ಟ್, ಕ್ಯಾಮೆರಾ, ಹೀರೋ ಇಷ್ಟೇ ಅಂದುಕೊಂಡಿದ್ದೀರಾ? ಅದಕ್ಕೇ ನನ್ನಂಥವನು ಬೇಕಾಗೋದು. ಪರ್ಮಿಷನ್ ತರುವವನು ನಾನು. ವ್ಯಾನ್ ಗೊತ್ತು ಮಾಡುವವನು ನಾನು. ನಕಲಿ ಪಿಸ್ತೂಲು ಹಿಡಿಯುವ ಸೀನ್ ಇದ್ದರೆ ಮುಂಚೆಯೇ ಠಾಣೆಗೆ ತಿಳಿಸಿ, ಕಾವಲಿಗೆ ಇಬ್ಬರು ಪೊಲೀಸರನ್ನು ನಿಲ್ಲಿಸುವವನೂ ನಾನೇ.

ನಿಲ್ಲಿಸಿದ್ದೆ. ಹಿಂದಿನ ಬೀದಿಯಲ್ಲಿ. ಪರ್ಮಿಷನ್ ಸಿಕ್ಕಿದ್ದು ಅಲ್ಲಿಗೆ.

ನಾನು ಊಟದ ಡಬ್ಬಿಗಳನ್ನು ತರಲು ಹೋಗಿದ್ದಾಗ ನಿರ್ದೇಶಕರಿಗೆ ಮುಖ್ಯರಸ್ತೆಯ ಬಿಸಿಲು ಇಷ್ಟವಾಯಿತಂತೆ. ಬ್ಯಾಂಕಿನ ಮೆಟ್ಟಿಲೂ ಇಷ್ಟವಾಯಿತಂತೆ. ಕ್ಯಾಮೆರಾವನ್ನು ವ್ಯಾನಿನೊಳಗೆ ಬಚ್ಚಿಟ್ಟು, ಬ್ಯಾಗು, ಪಿಸ್ತೂಲು ಕೊಟ್ಟು ಭಾವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಆ್ಯಕ್ಷನ್ ಅಂದುಬಿಟ್ಟರು. ಜನ ಚೀರಿದರು. ಯಾರೋ ಫೋನ್ ಮಾಡಿದರು. ಇದು ಶೂಟಿಂಗ್ ಎಂದು ತಿಳಿದಿದ್ದ ನಮ್ಮ ಇಬ್ಬರು ಪೊಲೀಸರು ಹಿಂದಿನ ಬೀದಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಏನೂ ತಿಳಿಯದ ನಾಲ್ವರು ಇಲ್ಲಿಗೆ ಬಂದಿಳಿದರು.

ಭಾವ ಫೈಟರ್. ಹೀರೋಗಳಿಗೆ ಡೂಪ್ ಹಾಕಿ ಹಾಕಿ ಮೈಯಲ್ಲಿ ಮುರಿಯದ ಮೂಳೆಯಿಲ್ಲ. ಕಟ್ ಅನ್ನುವ ತನಕ ಕಟ್ಟಡ ಬಿದ್ದರೂ ಕದಲಬಾರದು ಅನ್ನುವುದು ಅವನ ಮಾಸ್ಟರ್ ಕಲಿಸಿದ ಪಾಠ. ಅದೂ ನಿರ್ದೇಶಕರ ಬಾಯಿಂದಲೇ ಬರಬೇಕು.

ಪೊಲೀಸರು ಅವರ ಭಾಷೆಯಲ್ಲಿ ಅರಚುತ್ತಿದ್ದರು. ಭಾವನಿಗೆ ಒಂದಕ್ಷರ ತಿಳಿಯದು.

ನಾನು ಡಬ್ಬಿಗಳನ್ನು ಬಿಸಾಕಿ ಓಡಿದೆ.

"ಭಾವಾ, ಗನ್ ಕೆಳಗಿಡಿ. ಇವರು ನಿಜವಾದ ಪೊಲೀಸರು."

ಭಾವ ತುಟಿ ಅಲ್ಲಾಡಿಸದೆ ಹೇಳಿದ. "ಆಚೆ ಹೋಗೋ ಭಾಮೈದ. ಫ್ರೇಮಿಗೆ ಬರ್ತಿದೀಯ."

ಇವರು ನಾನೇ ಕರೆತಂದ ಜೂನಿಯರ್ ಆರ್ಟಿಸ್ಟುಗಳು ಅಂದುಕೊಂಡಿದ್ದ, ಪುಣ್ಯಾತ್ಮ!

ಒಬ್ಬ ಪೊಲೀಸ್ ನನ್ನತ್ತಲೂ ಬಂದೂಕು ತಿರುಗಿಸಿದ. ಇದು ಸಿನಿಮಾ, ಅವನು ನಟ ಎಂದು ಅವರ ಭಾಷೆಯಲ್ಲೇ ಕೂಗಿದೆ. ಹಾಗಾದರೆ ಆಯುಧ ಕೆಳಗಿಡಲಿ ಅಂದ. ನ್ಯಾಯವಾದ ಮಾತು.

ಹೊರಡುವ ದಿನ ಅಕ್ಕ ಬಾಗಿಲಲ್ಲಿ ನಿಂತು ಗಂಡನ ಜವಾಬ್ದಾರಿ ನನಗೆ ಒಪ್ಪಿಸಿದ್ದಳು. ಈಗ ಅವಳಿಗೆ ಏನಂತ ಫೋನ್ ಮಾಡಲಿ? ನನಗೆ ಹೆದರಿಕೆಯಾಯಿತು.

ಕೈ ಮೇಲೆತ್ತಿಕೊಂಡೇ ರಸ್ತೆ ದಾಟಿ ವ್ಯಾನಿನ ಬಾಗಿಲು ಎಳೆದೆ. ನಿರ್ದೇಶಕರು ಮಾನಿಟರಿಗೆ ಮೂಗು ತಾಗಿಸಿ ಕೂತಿದ್ದರು.

"ಸಾರ್, ಕಟ್ ಅನ್ನಿ."

"ಸುಮ್ನಿರೋ. ಆ ಮುಖಗಳಲ್ಲಿ ಟೆನ್ಷನ್ ನೋಡು. ನಮ್ಮವರಿಗೆ ತಲೆಕೆಳಗಾಗಿ ನಿಂತು ಹೇಳ್ಕೊಟ್ರೂ ಇದು ಬರಲ್ಲ."

"ಅವರು ನಿಜವಾದ ಪೊಲೀಸರು, ಸಾರ್."

"ಗೊತ್ತು."

ಗೊತ್ತು...!

ಅವರ ಕಾಲರ್ ಹಿಡಿದೆ. ಎಳೆದೆ. ಮನುಷ್ಯ ದಪ್ಪ. ಆದರೂ ನನ್ನ ಸಿಟ್ಟು ಅದಕ್ಕಿಂತ ದಪ್ಪವಿತ್ತು. ರಸ್ತೆಗೆ ಅಡ್ಡಲಾಗಿ ದರದರನೆ ಎಳೆದುಕೊಂಡು ಹೋಗಿ ಮೆಟ್ಟಿಲ ಮುಂದೆ, ಬಂದೂಕುಗಳಿಗೂ ಭಾವನಿಗೂ ನಡುವೆ ನಿಲ್ಲಿಸಿದೆ.

"ಈಗ ಹೇಳಿ."

ಬಂದೂಕಿನ ತುದಿ ಹತ್ತಿರದಿಂದ ಕಂಡಿತಲ್ಲ, ನಿರ್ದೇಶಕರ ಬಾಯಿ ತೆರೆಯಿತು. ಸ್ವರ ಬರಲಿಲ್ಲ. ಮತ್ತೆ ತೆರೆದರು. ಗಾಳಿ ಬಂತು.

ಒಬ್ಬ ಪೊಲೀಸನ ಬೆರಳು ಟ್ರಿಗರ್ ಮೇಲೆ ಬಿಗಿಯಾಯಿತು.

ಅಷ್ಟರಲ್ಲಿ ಭಾವ ನಿರ್ದೇಶಕರನ್ನು ನೋಡಿದ. ಫ್ರೇಮಿನ ನಟ್ಟನಡುವೆ ನಿಂತ ನಿರ್ದೇಶಕರು! ಅವನ ಮುಖ ಸಪ್ಪಗಾಯಿತು. ನಿರ್ದೇಶಕರೇ ಫ್ರೇಮಿಗೆ ಬಂದ ಮೇಲೆ ಇನ್ನೆಲ್ಲಿಯ ಟೇಕು? ಪಿಸ್ತೂಲಿನ ಬಣ್ಣ ಕಿತ್ತುಹೋಗದ ಹಾಗೆ ಮೆಲ್ಲಗೆ ಮೆಟ್ಟಿಲ ಮೇಲಿಟ್ಟು ಕೈ ಕೊಡವಿದ.

"ಎಷ್ಟು ಚೆನ್ನಾಗಿ ಹೋಗ್ತಿತ್ತು," ಅಂದ ನನಗೆ. "ಹಾಳು ಮಾಡಿಬಿಟ್ಟೆ."

ನಾನು ಅಲ್ಲೇ ಕುಸಿದು ಕೂತೆ. ನಾಚಿಕೆ ಬಿಟ್ಟು ಅತ್ತೆ.

ಮರುಕ್ಷಣ ಮೂವರೂ ರಸ್ತೆಗೆ ಕೆನ್ನೆ ಒತ್ತಿ ಮಲಗಿದ್ದೆವು, ಕೈ ಬೆನ್ನ ಹಿಂದೆ. ಪಿಸ್ತೂಲನ್ನು ಎತ್ತಿ ತಿರುಗಿಸಿ ನೋಡಿದ ಅಧಿಕಾರಿಯ ಮುಖ ಕೆಂಪಗಾಯಿತು. ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಇದನ್ನೆಲ್ಲ ಮಾಡಿಸಿದ್ದು ಯಾರು ಎಂದು ಕೇಳಿದ.

"ಏನಂತೆ? ಏನಂತೆ?" ನಿರ್ದೇಶಕರಿಗೆ ಈಗ ಸ್ವರ ಬಂದಿತ್ತು.

ನಾನು ಗದ್ದದಿಂದ ಅವರತ್ತ ತೋರಿಸಿದೆ.

ಕಥೆ, ಚಿತ್ರಕಥೆ, ನಿರ್ದೇಶನ ಎಲ್ಲಾ ಇವರದೇ ಅಂದೆ.