ಒಡೆಯದ ಮೊಟ್ಟೆಗಳು

ಗಂಟೆಯನ್ನೂ ಒತ್ತದೆ ಬಾಗಿಲು ತಳ್ಳಿಕೊಂಡು ಬಂದ ನನ್ನ ತಂಗಿಯ ಮುಖದಲ್ಲಿ ಕಳೆಯೇ ಇರಲಿಲ್ಲ.

"ದೊಡ್ಡಮ್ಮ, ನನ್ನ ಸಂಶೋಧನೆಯೆಲ್ಲ ಕಟ್ಟುಕತೆಯಂತೆ. ಸಂಜೆಯೊಳಗೆ ಲ್ಯಾಬ್ ಬಿಟ್ಟು ಹೋಗು ಅಂದಿದಾರೆ!"

ದೊಡ್ಡಮ್ಮ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಊರವರ ಒಗಟು ಬಿಡಿಸುವುದೇ ಅವರ ಉದ್ಯೋಗ. ಕಾರು ಓಡಿಸುವುದು, ಬೈಸಿಕೊಳ್ಳುವುದು, ಆಮೇಲೆ ಎಲ್ಲವನ್ನೂ ಬರೆದಿಡುವುದು ನನ್ನ ಪಾಲಿಗೆ ಬಂದಿದೆ. ಅಂದು ಪ್ರತಿ ಸಿಗ್ನಲ್ಲಿನಲ್ಲೂ ಜೀವ ಚಡಪಡಿಸುತ್ತಿತ್ತು.

ದಾರಿಯಲ್ಲಿ ತಂಗಿ ವಿವರಿಸಿದಳು. ಜೀವಕೋಶದ ಪೊರೆ ಕೊಬ್ಬಿನದು, ನೀರು ಅದನ್ನು ಸಲೀಸಾಗಿ ದಾಟದು. ಪೊರೆಯಲ್ಲಿ ಕೊಳವೆಯಂತೆ ಕೂತ ಒಂದು ಪ್ರೋಟೀನು ನೀರಿನ ಕಣಗಳನ್ನು ಒಂದೊಂದಾಗಿ ಒಳಗೆ ಬಿಡುತ್ತದೆ ಎಂಬುದು ಅವಳ ವಾದ. ಆ ಪ್ರೋಟೀನಿರುವ ಕಪ್ಪೆಮೊಟ್ಟೆಗಳನ್ನು ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆಯಬೇಕು. ನಿನ್ನೆ ಒಡೆದಿದ್ದವು. ಇಂದು ಮುಖ್ಯಸ್ಥರ ಕಣ್ಣೆದುರು ಒಂದೂ ಒಡೆಯಲಿಲ್ಲ.

ಲ್ಯಾಬಿನಲ್ಲಿ ಮುಖ್ಯಸ್ಥರು ಗಡಿಯಾರ ನೋಡುತ್ತಿದ್ದರು. ಹಿರಿಯ ಸಂಶೋಧಕರೊಬ್ಬರು ಹಿತ್ತಾಳೆಯ ಕೀಲಿಯೊಂದನ್ನು ಬೆರಳಿನಲ್ಲಿ ಗಿರಗಿರ ತಿರುಗಿಸುತ್ತಿದ್ದರು.

"ನೀರು ತಾನಾಗೇ ಜಿನುಗುತ್ತೆ ಕಣಮ್ಮ. ಅದಕ್ಕೊಂದು ಬಾಗಿಲು ಬೇರೆ ಕೇಡು!" ಎಂದರು ಆ ಹಿರಿಯರು. ಜೀವಮಾನವಿಡೀ ಅವರು ಕಲಿಸಿದ್ದು ಅದನ್ನೇ.

ದೊಡ್ಡಮ್ಮ ಸೂಕ್ಷ್ಮದರ್ಶಕದಲ್ಲಿ ಇಣುಕಿದರು. "ಮೊಟ್ಟೆಗಳು ಚೆನ್ನಾಗೇ ಇವೆ. ನೀರು ಮಾತ್ರ ಒಳಗೆ ಹೋಗ್ತಿಲ್ಲ. ಅದು ಯಾವ ಕೀಲಿ?"

"ವಿಷದ ಕಪಾಟಿಂದು. ಇರೋದು ಇದೊಂದೇ. ತೆಗೆದು ವರ್ಷವಾಯ್ತು."

ಕೀಲಿಯ ಹಿಡಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಮಚ್ಚೆಯೊಂದಿತ್ತು. ಸವೆದಿರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ದೊಡ್ಡಮ್ಮ ಬೀಗವಿಲ್ಲದ ಬೇರೊಂದು ಕಪಾಟಿನಿಂದ ಒಂದು ಬಾಟಲಿ ತರಿಸಿದರು. ಮುಚ್ಚಳ ತೆಗೆದದ್ದೇ ತಡ, ಕೊಳೆತ ವಾಸನೆ ಕೋಣೆಯೆಲ್ಲ ತುಂಬಿತು. ಮೊಟ್ಟೆಗಳನ್ನು ಆ ದ್ರಾವಣದಲ್ಲಿ ನೆನೆಯಲು ಬಿಟ್ಟರು. ನಾನು ಆಚೆಗೂ ಈಚೆಗೂ ಓಡಾಡಿದೆ.

"ಒಂದು ಕಡೆ ಕೂತ್ಕೊಳ್ಳೋ, ನನಗೆ ತಲೆ ತಿರುಗುತ್ತೆ."

ಆಮೇಲೆ ಎಲ್ಲರನ್ನೂ ಮೇಜಿನ ಸುತ್ತ ಕರೆದು ಮೊಟ್ಟೆಗಳನ್ನು ನೀರಿಗೆ ಹಾಕಿಸಿದರು. ಅವು ಉಬ್ಬಿದವು. ಒಂದು ಒಡೆಯಿತು, ಹಿಂದೆಯೇ ಇನ್ನೊಂದು. ತಂಗಿ ಗಟ್ಟಿಯಾಗಿ ಅತ್ತುಬಿಟ್ಟಳು.

"ಪಾದರಸದ ಉಪ್ಪು ಈ ಕೊಳವೆಯ ಕುತ್ತಿಗೇಲಿ ಅಂಟ್ಕೊಂಡ್ರೆ ನೀರಿನ ದಾರಿ ಬಂದ್. ಈ ನಾರೋ ದ್ರಾವಣ ಅದನ್ನ ಕಿತ್ತು ತೆಗೆಯುತ್ತೆ. ದಾರಿ ತೆರೀತು ಅಂದ್ಮೇಲೆ ಮುಚ್ಚಿದ್ದು ಪಾದರಸವೇ. ಅದಿರೋದು ವಿಷದ ಕಪಾಟಲ್ಲಿ. ಅದರ ದ್ರಾವಣ ತಾಗಿದ ಒದ್ದೆ ಬೆರಳಲ್ಲಿ ಹಿತ್ತಾಳೆ ಮುಟ್ಟಿದ್ರೆ ಬೆಳ್ಳಿಯಂಥ ಕಲೆಯಾಗುತ್ತೆ. ವರ್ಷದ ಹಿಂದಿನದಾಗಿದ್ರೆ ಮಂಕಾಗಿರ್ತಿತ್ತು, ಇದಿನ್ನೂ ಹೊಳೀತಿದೆ." ದೊಡ್ಡಮ್ಮ ಕೈ ಚಾಚಿದರು. "ಕೀಲಿ ಕೊಡಿ."

ತಿರುಗುತ್ತಿದ್ದ ಕೀಲಿ ನಿಂತಿತು.

"ನಾನು ಯಾಕೆ ಹಾಗೆ ಮಾಡಲಿ?" ಎಂದರು ಹಿರಿಯರು. "ಆ ಬಾಗಿಲನ್ನ ನಾನು ನಂಬೋದೇ ಇಲ್ಲ."

"ಇಲ್ಲದ ಬಾಗಿಲನ್ನ ಯಾರಾದ್ರೂ ಮುಚ್ಚೋಕೆ ಹೋಗ್ತಾರಾ? ನಮ್ಮ ಹುಡುಗಿ ಮಾತನ್ನ ಎಲ್ಲರಿಗಿಂತ ಮೊದಲು ನಂಬಿದವರು ನೀವೇ."

ಮುಖ್ಯಸ್ಥರು ತಲೆ ತಗ್ಗಿಸಿದರು. ಹಿರಿಯರು ಕೀಲಿಯನ್ನು ಮೇಜಿನ ಮೇಲಿಟ್ಟರು. ನಂತರ ತಂಗಿಯ ಕಡೆ ತಿರುಗಿ, "ನಾನೊಂದ್ಸಲ ನೋಡ್ಲಾ?" ಎಂದು ಕೇಳಿದರು.

ಅವಳು ಕಣ್ಣೊರೆಸಿಕೊಂಡು ಸೂಕ್ಷ್ಮದರ್ಶಕದ ಮುಂದಿನ ತನ್ನ ಕುರ್ಚಿ ಬಿಟ್ಟುಕೊಟ್ಟಳು.